ಮಡೆಗೆ ಮೆತ್ತಿದ ಮಣ್ಣು

ನಮ್ಮೂರಿನಲ್ಲಿ ಹವಾಮಾನ ಬದಲಾವಣೆಯನ್ನು ತಡೆಯುವುದಕ್ಕೆ ಮೊದಲು ರಕ್ತ ಕೊಟ್ಟವರು ನನ್ನ ಯಜಮಾನರು. ತಮಾಷೆಗೆ ಹೇಳುತ್ತಿಲ್ಲ. ಕಾಲುವೆಯ ನೀರು ನಮ್ಮ ಗದ್ದೆಗೆ ಇಳಿಯುವ ಮಡೆಯ ಬಾಯಲ್ಲೇ, ಮಣ್ಣಿನ ಮೇಲೆಯೇ ಆ ರಕ್ತ ಬಿತ್ತು. ಅದರ ಪಕ್ಕದಲ್ಲೇ ನನ್ನ ಮೈದುನನ ಮುಂದಿನ ಹಲ್ಲುಗಳೂ ಬಿದ್ದವು. ಯಜಮಾನರ ರಕ್ತ ಹರಿಸಿದವನು ಮೈದುನ, ಅವನ ಹಲ್ಲು ಉದುರಿಸಿದವಳು ನಾನು. ಇಲಾಖೆಯವರ ಪ್ರಗತಿ ವರದಿಯಲ್ಲಿ ಈ ಸಂಗತಿ ಬಂದಿಲ್ಲ, ಬರುವುದೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ತವರಿನಿಂದ ತಂದ ಬಳುವಳಿ. ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಕಡೆ, ಹೊಗೆಸೊಪ್ಪು ಬೆಳೆಯುವ ಒಣಭೂಮಿ. ಅಲ್ಲಿ ಬೇಸಿಗೆ ಬಂತೆಂದರೆ ನಲ್ಲಿಯ ಮುಂದೆ ಹೆಂಗಸರ ಯುದ್ಧ. ಒಂದು ಸಲ ಪಕ್ಕದ ಮನೆಯವಳು ಹಿತ್ತಾಳೆ ಬಿಂದಿಗೆ ಬೀಸಿ ನಮ್ಮವ್ವನ ಹಣೆ ಒಡೆದಳು. ಅವ್ವ ತುಂಬಿದ ಬಿಂದಿಗೆಯನ್ನು ಕೆಳಗಿಡಲಿಲ್ಲ. ಕಣ್ಣಿಗಿಳಿಯುತ್ತಿದ್ದ ರಕ್ತವನ್ನು ತೋಳಿನಿಂದ ಒರೆಸಿಕೊಂಡೇ ಮನೆಗೆ ಬಂದಳು, ಬಿಂದಿಗೆಯನ್ನು ಒಲೆಯ ಪಕ್ಕ ಇಳಿಸಿದಳು, ಆಮೇಲೆ ಗೋಡೆಗೊರಗಿ ಕುಳಿತಳು. ನಾನು ಚೆಂಬು ಹಿಡಿದು ಹೋದರೆ, "ಆ ನೀರ ಮುಟ್ಟಬ್ಯಾಡ ಕಣ್ಮಗ, ಅನ್ನಕ್ಕೆ ಬೇಕು" ಅಂದಳು. ಸೆರಗಿನಿಂದಲೇ ಗಾಯ ಒತ್ತಿಕೊಂಡಳು.

ಅಂಥ ಊರಿನಿಂದ ಮದುವೆಯಾಗಿ ಬಂದದ್ದು ಚುಂಚನಕಟ್ಟೆಯ ನಾಲೆ ಬಯಲಿಗೆ. ಇಲ್ಲಿನ ಜನ ನೀರನ್ನು ಹೇಗೆ ಬಿಡುತ್ತಿದ್ದರೆಂದರೆ, ಗದ್ದೆ ತುಂಬಿ ಬದು ಮೇಲೆ ಹರಿದರೂ ಮರದ ಕೆಳಗೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಬೈದರೆ ಅತ್ತೆ ನಗುತ್ತಿದ್ದರು. "ಹೊಗೆಸೊಪ್ಪಿನ ಸೀಮೆಯೋಳು, ನೀರು ಕಂಡ್ರೆ ನೆಂಟ್ರು ಬಂದಂಗೆ ಆಡ್ತಾಳೆ" ಎಂದು ಊರ ತುಂಬ ಹೇಳಿಕೊಂಡು ಬರುತ್ತಿದ್ದರು. ಅದನ್ನು ಕೇಳಿ ಕೇಳಿ ನನ್ನ ಸಿಟ್ಟು ಗಟ್ಟಿಯಾಯಿತೇ ಹೊರತು ಕರಗಲಿಲ್ಲ.

ಹೀಗಿರುವಾಗ ಇಲಾಖೆಯವರು ಬಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿಗೆ ಸೇರಿ ಹವಾಮಾನಕ್ಕೆಂದೇ ಒಂದು ಯೋಜನೆಯಂತೆ. ಕೋಟೆಯ ಕಡೆ ಬಿಸಿಲಿನಿಂದ ಓಡುವ ಪಂಪು, ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡಲು ಸೌದೆ ಕಡಿಮೆ ತಿನ್ನುವ ಬ್ಯಾರನ್ನು, ನಮಗೆ ಭತ್ತ. ಸಮುದಾಯ ಭವನದಲ್ಲಿ ಸಭೆ ಸೇರಿಸಿ ಒಬ್ಬ ಚಿಕ್ಕ ವಯಸ್ಸಿನ ಮೇಡಂ ಮಾತಾಡಿದರು. ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಸರಿನಿಂದ ಒಂದು ಅನಿಲ ಏಳುತ್ತದೆ, ಅದು ಮೇಲೆ ಹೋಗಿ ಭೂಮಿಯನ್ನು ಬಿಸಿ ಮಾಡುತ್ತದೆ, ಅದಕ್ಕೇ ಮಳೆ ಹೀಗೆ ಹಾದಿ ತಪ್ಪುತ್ತಿದೆ ಎಂದರು.

ಹಿಂದಿನ ಸಾಲಿನಿಂದ ನನ್ನ ಮೈದುನ ಎದ್ದು ನಿಂತ. ಅವನು ನನ್ನ ಯಜಮಾನರ ಚಿಕ್ಕಪ್ಪನ ಮಗ. ಕಾಲುವೆಯಲ್ಲಿ ನಮ್ಮ ಗದ್ದೆಯ ಕೆಳಗಿನದೇ ಅವನ ಗದ್ದೆ.

"ಅಂಗಾರೆ ನಮ್ ಗದ್ದೆ ಊಸು ಬುಡ್ತದೆ ಅನ್ನಿ ಮೇಡಂ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ಕೂಡ ನಕ್ಕು, "ಹೆಚ್ಚುಕಮ್ಮಿ ಅದೇ" ಎಂದರು. ಆ ಒಂದು ಮಾತಿಗೇ ನನಗೆ ಆ ಹುಡುಗಿ ಇಷ್ಟವಾದಳು. ನೀರನ್ನು ಸದಾ ನಿಲ್ಲಿಸಬೇಡಿ, ಒಮ್ಮೆ ಕಟ್ಟಿ, ಒಣಗಲು ಬಿಡಿ, ಮತ್ತೆ ಕಟ್ಟಿ, ಬೆಳೆ ಕಡಿಮೆಯಾಗುವುದಿಲ್ಲ ಎಂದರು. ಯಾರ ಗದ್ದೆಯಲ್ಲಿ ಮಾಡಿ ತೋರಿಸೋಣ ಎಂದಾಗ ಗಂಡಸರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು. ನಾನು ಕೈ ಎತ್ತಿದೆ. ಇಷ್ಟು ವರ್ಷ ನಾನು ಕಿರುಚಿದ್ದನ್ನೇ ಸರ್ಕಾರ ಜೀಪು ಹತ್ತಿ ಬಂದು ಹೇಳುತ್ತಿರುವಾಗ ಸುಮ್ಮನೆ ಕೂರಲು ನನಗೇನು ಬಂದಿತ್ತು?

ನಮ್ಮ ಗದ್ದೆಯಲ್ಲಿ ಪೈಪು ಹೂಳಿದರು. ಮೊಳದುದ್ದದ ದಪ್ಪ ಪ್ಲಾಸ್ಟಿಕ್ ಪೈಪು, ಮೈತುಂಬ ತೂತು. ಅದರೊಳಗೆ ಬಗ್ಗಿ ನೋಡಿದರೆ ನೆಲದ ಕೆಳಗೆ ನೀರು ಎಲ್ಲಿದೆ ಎಂಬುದು ಕಾಣುತ್ತದೆ. ಗುರುತಿಗಿಂತ ಕೆಳಕ್ಕಿಳಿದರೆ ಮಾತ್ರ ನೀರು ಕಟ್ಟಬೇಕು. ಭತ್ತ ಹೊಡೆಗೆ ಬಂದು ತೆನೆ ಕಟ್ಟುವಾಗ ಮಾತ್ರ ಒಣಗಿಸಕೂಡದು, ಆಗ ಒಣಗಿದರೆ ತೆನೆಯೆಲ್ಲ ಜೊಳ್ಳು. ರಸ್ತೆಯ ಪಕ್ಕ ಒಂದು ಹಸಿರು ಬೋರ್ಡು ನೆಟ್ಟರು. ನಾನು ದಿನಾ ಪೈಪಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಇಣುಕುತ್ತಿದ್ದೆ. ದಾರಿಯಲ್ಲಿ ಹೋಗುವವರು, "ಏನವ್ವಾ, ಪಾತಾಳದಲ್ಲಿ ಯಾರವ್ರೆ?" ಎಂದು ಕೇಳಿ ನಗುತ್ತಿದ್ದರು.

ಇಲ್ಲಿ ನಮ್ಮ ಕಾಲುವೆಯ ಒಂದು ಪದ್ಧತಿಯನ್ನು ಹೇಳಲೇಬೇಕು, ಎಲ್ಲ ಅನಾಹುತವೂ ಅಲ್ಲಿಂದಲೇ ಹುಟ್ಟಿದ್ದು. ನಮ್ಮಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಮೇಲಿನವನದು ತುಂಬಿದ ಮೇಲೆ ಕೆಳಗಿನವನದು. ತನ್ನ ಗದ್ದೆ ತುಂಬಿದವನು ಮಡೆಗೆ ಅಡ್ಡ ಒಂದು ಕಲ್ಲಿಟ್ಟು, ಸಂದಿಗೆ ಹುಲ್ಲು ತುರುಕುತ್ತಾನೆ. ಕಲ್ಲು ಇದ್ದರೆ, ಮತ್ತೆ ಬರುತ್ತೇನೆ, ನನ್ನ ಸರದಿ ನನ್ನದೇ ಎಂದು ಅರ್ಥ. ಮಡೆಗೆ ಮಣ್ಣು ಮೆತ್ತಿದರೆ, ಬಿಟ್ಟೆ ಎಂದು ಅರ್ಥ. ಜಮೀನು ಪಾಳು ಬಿಡುವವನು, ಭತ್ತ ಬೇಡವೆಂದು ತೆಂಗು ಹಾಕುವವನು ಮಣ್ಣು ಮೆತ್ತುತ್ತಾನೆ. ಹಾಗೆ ಮೆತ್ತಿದವನ ಸರದಿ ಕೆಳಗಿನವನಿಗೆ ಸೇರುತ್ತದೆ. ಆಮೇಲೆ ಅವನು ನೀರು ಕೇಳಬೇಕಾದರೆ ಕಾಲುವೆಯ ಕೊನೆಯವನ ಗದ್ದೆ ತುಂಬುವವರೆಗೂ ಕಾಯಬೇಕು. ಮಳೆ ಕಡಿಮೆಯಾದ ವರ್ಷ ಕೊನೆಯವನ ಗದ್ದೆ ತುಂಬುವುದೇ ಇಲ್ಲ.

ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಇಲ್ಲಿ ಹುಟ್ಟಿದವರಿಗೆ ಗೊತ್ತು, ಸೊಸೆಯಾಗಿ ಬಂದವರು ನೋಡಿ ಕಲಿಯುತ್ತಾರೆ. ಜೀಪಿನಲ್ಲಿ ಬಂದವರಿಗೆ ಗೊತ್ತಾಗುವುದು ಹೇಗೆ?

ಕಲ್ಲಿನ ಸಂದಿಯಲ್ಲಿ ನೀರು ಸ್ವಲ್ಪ ಸೋರುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಪೈಪಿನಲ್ಲಿ ನೀರು ಇಳಿಯಲೇ ಇಲ್ಲ. ಮೇಡಂ ಬಂದು ನೋಡಿದರು, ಸೋರಿಕೆ ಹುಡುಕಿದರು, ಮಡೆಯ ಹತ್ತಿರ ನಿಂತರು. ಅವರ ಜೊತೆ ಕ್ಯಾಮೆರಾ ಹಿಡಿದವನೊಬ್ಬ ಬಂದಿದ್ದ. "ಕೈ ಕೆಸರಾದರೆ ಬಾಯಿ ಮೊಸರು, ಅಲ್ವೇನ್ರೀ?" ಎಂದು ನಗುತ್ತಾ ಆ ಹುಡುಗಿ ಚಪ್ಪಲಿ ಬಿಟ್ಟು, ಕೆಸರಿಗಿಳಿದು, ತನ್ನ ಎರಡೂ ಕೈಯಿಂದ ಮಣ್ಣು ಬಾಚಿ ಮಡೆಗೆ ಮೆತ್ತಿಯೇ ಬಿಟ್ಟಳು. ಯಜಮಾನರು ಗುದ್ದಲಿ ಹಿಡಿದು ಪಕ್ಕದಲ್ಲಿ ಹಲ್ಲು ಕಿರಿದು ನಿಂತಿದ್ದರು. ಅವರಿಗೆ ಅಧಿಕಾರಿಗಳ ಮುಂದೆ ಬಾಯಿ ಬರುವುದಿಲ್ಲ. ನಾನು ಊಟ ತರಲು ಮನೆಗೆ ಹೋಗಿದ್ದೆ. ಕೆಳಗಿನ ಬದುವಿನ ಮೇಲೆ ಮೈದುನ ನಿಂತಿದ್ದನಂತೆ. ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, "ಮಣ್ಣು ಮೆತ್ತಾಯ್ತು, ಎಲ್ರೂ ನೋಡವ್ರೆ" ಅಂದನಂತೆ. ಮೇಡಂ ಅದನ್ನು ಹೊಗಳಿಕೆ ಎಂದುಕೊಂಡು ಕೈ ಮುಗಿದರಂತೆ.

ಅತ್ತೆಗೆ ಸುದ್ದಿ ತಿಳಿದಾಗ ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೈಯಿಂದ ಜಾರಿತು. "ಅಯ್ಯೋ ಶಿವನೇ, ಮಡೆ ಮುಚ್ಬುಟ್ಳಾ? ಈಗ್ಲೇ ಓಗಿ ಕಿತ್ತಾಕ್ಲಾ" ಎಂದು ಮಗನ ಮೇಲೆ ಕೂಗಾಡಿದರು. ಯಜಮಾನರು, ಎಲ್ಲರೂ ನೋಡಿ ಸಾಕ್ಷಿಯಾದ ಮೇಲೆ ಕದ್ದು ಕಿತ್ತರೆ ಕಳ್ಳನಾಗುತ್ತೇನೆ, ತಮ್ಮನಿಗೆ ಹೇಳಿದರೆ ಅವನೇ ಒಪ್ಪುತ್ತಾನೆ ಬಿಡು ಎಂದರು. ತಮ್ಮ ಎಂದರೆ ಅವರಿಗೆ ಅಷ್ಟು ನಂಬಿಕೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಎಮ್ಮೆಯ ಮೇಲೆ ಕುಳಿತು ನಾಲೆ ದಾಟಿದವರು. ದೊಡ್ಡವರಾದ ಮೇಲೆ ಜಮೀನು ಭಾಗವಾಯಿತು, ಮಾತೂ ಭಾಗವಾಯಿತು. ಆದರೂ ಇವರ ಬಾಯಲ್ಲಿ ಅವನು ತಮ್ಮನೇ.

ಆ ವರ್ಷ ಕೊಡಗಿನಲ್ಲಿ ಮಳೆ ಕೈಕೊಟ್ಟಿತು. ಹೊಳೆ ಇಳಿಯಿತು, ನಾಲೆಗೆ ಬಿಡುವ ನೀರು ಮೊಣಕಾಲಿಗೂ ಬರದಾಯಿತು. ನಮ್ಮ ಭತ್ತ ಆಗ ಸರಿಯಾಗಿ ಹೊಡೆಗೆ ಬಂದಿತ್ತು. ಪೈಪಿನಲ್ಲಿ ನೀರು ಗುರುತಿಗಿಂತ ಕೆಳಗಿಳಿದು, ಆಮೇಲೆ ಕಾಣದೇ ಹೋಯಿತು. ಗದ್ದೆ ಬಿರಿಯಿತು. ಬಿರುಕಿನೊಳಗೆ ಕೈ ಇಟ್ಟರೆ ಬೆರಳು ಪೂರ್ತಿ ಒಳಗೆ ಹೋಗುತ್ತಿತ್ತು. ಮಗುವಿಗೆ ಜ್ವರ ಬಂದಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ. ಈ ಬೆಳೆ ಹೋದರೆ ವರ್ಷದ ಅನ್ನ ಹೋಗುತ್ತದೆ. ಸರದಿ ಹೋದರೆ ಗದ್ದೆಯೇ ಹೋದಂತೆ. ನೀರಿನ ಹಕ್ಕಿಲ್ಲದ ಗದ್ದೆ ನನ್ನ ತವರಿನ ಹೊಲಕ್ಕಿಂತ ಕಡೆ.

ನಾಲೆಗೆ ನೀರು ಬಂತೆಂದು ತಿಳಿದ ಬೆಳಿಗ್ಗೆ ಯಜಮಾನರು ಬರಿಗೈಯಲ್ಲಿ ಹೊರಟರು. ಗುದ್ದಲಿ ಏಕೆ ಒಯ್ಯಲಿಲ್ಲ ಎಂದರೆ, ಜಗಳಕ್ಕೆ ಬಂದೆ ಅಂದುಕೊಂಡಾನು ಎಂದು. ನಾನು ಹಿಂದೆಯೇ ಹೋದೆ. ಮೈದುನ ಗುದ್ದಲಿ ಹಿಡಿದು ಮಡೆಯ ಮೇಲೆಯೇ ಕಾಲಿಟ್ಟು ನಿಂತಿದ್ದ.

"ಪೈರು ಹೊಡೆಗೆ ಬಂದದೆ ಕಣ್ಲಾ. ಒಂದ್ ಸರದಿ ಬುಡು."

"ಮಣ್ಣು ಮೆತ್ತಿದ್ದೀಯ ಅಣ್ಣ. ಸರದಿ ನಂದು."

"ಮೆತ್ತಿದ್ದು ನಾನಾ?"

"ನಿನ್ ಮಡೆ, ನೀನ್ ನಿಂತಿದ್ದೆ, ನಗ್ತಿದ್ದೆ. ಪೋಟ ಅದೆ."

ಯಜಮಾನರು ಬಗ್ಗಿ, ಬಲಗೈಯನ್ನು ಮಡೆಯ ಮಣ್ಣಿಗೆ ಹಾಕಿದರು. ಮೈದುನ, "ತಗಿ ಕೈನ, ತಗಿ" ಎಂದು ಕೂಗಿದ. ಇವರು ತೆಗೆಯಲಿಲ್ಲ. ಗುದ್ದಲಿ ಮೇಲೆದ್ದದ್ದು ನನಗೆ ಕಂಡಿತು. ಅದರ ತಲೆ ತಿರುಗಿಸಿ, ಮೊಂಡು ಭಾಗದಿಂದ ಅವನು ಹೊಡೆದ. ಒಣಗಿದ ಹುಣಸೆ ಕೊಂಬೆ ಮುರಿದಂಥ ಶಬ್ದವಾಯಿತು. ಯಜಮಾನರು ಕೂಗಲಿಲ್ಲ, ಅದರಿಂದ ನನಗೆ ಇನ್ನೂ ಭಯವಾಯಿತು. ಕೈ ಮಣ್ಣಿನಲ್ಲೇ ಇತ್ತು. ಅದರ ಸುತ್ತ ಮಣ್ಣು ಕೆಂಪಾಗುತ್ತಾ ಹೋಯಿತು. ಮೈದುನ ಇನ್ನೊಂದು ಸಲ ಹೊಡೆದ. ಆಗ ಅವರು ಕೂಗಿದರು.

ನನ್ನ ಕೈಗೆ ಸಿಕ್ಕಿದ್ದು ಸರ್ಕಾರದ ಪೈಪು. ಅದನ್ನು ಬುಡಸಮೇತ ಕಿತ್ತೆ. ಒಳಗೆ ಮಣ್ಣು ಕಚ್ಚಿಕೊಂಡು ಕಲ್ಲಿನಷ್ಟು ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಮೈದುನನ ಮುಖಕ್ಕೆ ಬೀಸಿದೆ. ಅವನು ತಿರುಗುವಷ್ಟರಲ್ಲಿ ಬಾಯಿಗೆ ಬಿತ್ತು. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಎತ್ತಿದೆ. ಅವನು ಬಾಯಿ ತುಂಬ ರಕ್ತ ತುಂಬಿಕೊಂಡು, "ಅತ್ಗೆ, ಅತ್ಗೆ" ಅನ್ನುತ್ತಿದ್ದ. ಆ "ಅತ್ಗೆ" ಎಂಬ ಮಾತಿಗೆ ನನ್ನ ಕೈ ತಡೆಯಿತೆಂದು ಊರವರು ಹೇಳುತ್ತಾರೆ. ಸುಳ್ಳು. ಜನ ಬಂದು ನನ್ನ ಜುಟ್ಟು ಹಿಡಿದು ಎಳೆದರು, ಅದಕ್ಕೆ ನಿಂತಿತು. ಇಲ್ಲದಿದ್ದರೆ ನಿಲ್ಲುತ್ತಿರಲಿಲ್ಲ. ಇವತ್ತಿಗೂ ಅದರ ಬಗ್ಗೆ ನನಗೆ ಬೇಸರವಿಲ್ಲ.

ಇಬ್ಬರನ್ನೂ ಒಂದೇ ಆಟೋದಲ್ಲಿ ಕೆ.ಆರ್. ನಗರದ ಆಸ್ಪತ್ರೆಗೆ ಒಯ್ದರು. ಅಣ್ಣನ ಕೈ, ತಮ್ಮನ ಬಾಯಿ, ಒಂದೇ ಟವೆಲಿನ ಎರಡು ತುದಿಯಲ್ಲಿ ಸುತ್ತಿದ್ದರು. ಮೂಳೆಗಳು ಪುಡಿಯಾಗಿವೆ, ಬೆರಳು ಮಡಚಲು ಬರುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ನಾವೂ ದೂರು ಕೊಟ್ಟೆವು, ಅವರೂ ಕೊಟ್ಟರು. ಪೊಲೀಸರು ಬಂದು ಗುದ್ದಲಿಯನ್ನೂ ಪೈಪನ್ನೂ ತೆಗೆದುಕೊಂಡು ಹೋದರು. ಆಮೇಲೆ ಇಲಾಖೆಯ ನೌಕರನೊಬ್ಬ ಬಂದು, ಪೈಪು ಕಾಣುತ್ತಿಲ್ಲವಲ್ಲ, ಎಲ್ಲಿ ಎಂದು ಕೇಳಿದ. "ಸ್ಟೇಷನ್ನಲ್ಲಿ ಅದೆ, ಓಗಿ ಬಿಡಿಸ್ಕೊಂಡ್ ಬನ್ನಿ" ಅಂದೆ. ಅವನು ಬೈಕು ಹತ್ತಿದ.

ಆದರೆ ಭತ್ತಕ್ಕೆ ಕೋರ್ಟು ಗೊತ್ತಿಲ್ಲ, ಅದಕ್ಕೆ ನೀರು ಬೇಕು. ಅತ್ತೆ ಕೋಲೂರಿಕೊಂಡು ಊರ ಹಿರಿಯರ ಮುಂದೆ ಹೋಗಿ ಕುಳಿತರು. ಅಳಲಿಲ್ಲ, ಗೋಗರೆಯಲಿಲ್ಲ. ಒಂದೇ ಮಾತು ಕೇಳಿದರು.

"ಮಡೆ ಬುಟ್ಟೆ ಅಂತ ಯೋಳ್ಬೇಕಾದ್ದು ಗದ್ದೆಯೋನ ಕೈ. ನನ್ ಮಗನ ಕೈಗೆ ಮಣ್ಣು ಅಂಟಿತ್ತಾ? ನೋಡ್ದೋರು ಯೋಳಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಿನವರ ಕೈಯಿಂದ ಮಡೆ ಮುಚ್ಚಿದ್ದು ಅದುವರೆಗೆ ನಮ್ಮ ಕಾಲುವೆಯಲ್ಲಿ ಆಗಿರಲಿಲ್ಲ. ತುಂಬ ಹೊತ್ತು ಚರ್ಚೆಯಾಗಿ ಕೊನೆಗೆ ಹೀಗೆಂದರು: ಮೆತ್ತಿದ ಕೈಯೇ ಬಂದು ಊರ ಮುಂದೆ ಕಿತ್ತರೆ, ಅದು ಅರಿಯದೆ ಮೆತ್ತಿದ್ದು, ಸರದಿ ನಿಮ್ಮದು. ಆ ಕೈ ಬರದಿದ್ದರೆ ಮಣ್ಣು ಮಣ್ಣೇ. ನೀರು ಬಿಡುವ ಮುಂದಿನ ಸರದಿ ಹತ್ತಿರದಲ್ಲೇ ಇತ್ತು.

ಮೇಡಂ ಎಲ್ಲಿ ಎಂದರೆ ಹುಣಸೂರಿನಲ್ಲಿ. ನಾಲ್ಕೂ ತಾಲ್ಲೂಕಿನ ಪ್ರಗತಿ ಪರಿಶೀಲನೆಯ ಸಭೆ. ಫೋನು ಎತ್ತುತ್ತಿಲ್ಲ. ನಾನು ರಕ್ತದ ಕಲೆ ಹೋಗದ ಸೀರೆಯಲ್ಲೇ ಬಸ್ಸು ಹತ್ತಿದೆ. ಸೀರೆ ಇರಲಿಲ್ಲ ಎಂದಲ್ಲ, ಬೇಕೆಂದೇ ಉಟ್ಟುಕೊಂಡು ಹೋದೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಅಧಿಕಾರಿಗಳು, ಹಿಂದೆ ಹಸಿರು ಶಾಲು ಹೊದೆಸಿದ ರೈತರು. ವೇದಿಕೆಯ ಮೇಲೆ ಮೇಡಂ ನಿಂತು ಪರದೆಯ ಮೇಲೆ ಬಣ್ಣ ಬಣ್ಣದ ಕಂಬಗಳನ್ನು ತೋರಿಸುತ್ತಿದ್ದರು. ಎಲ್ಲ ಕಂಬಗಳೂ ಬಲಕ್ಕೆ ಹೋದ ಹಾಗೆ ಎತ್ತರವಾಗುತ್ತಿದ್ದವು. ಆಮೇಲೆ ನಮ್ಮ ಗದ್ದೆ ಬಂತು. ಗೋಡೆಯಷ್ಟು ದೊಡ್ಡ ಫೋಟೋ. ಕೆಸರು ಕೈಯ ಮೇಡಂ, ಪಕ್ಕದಲ್ಲಿ ಪೆದ್ದುಪೆದ್ದಾಗಿ ನಗುತ್ತಿರುವ ನನ್ನ ಯಜಮಾನರು. ಅವರ ಬಲಗೈ ಗುದ್ದಲಿಯ ಕಾವನ್ನು ಹಿಡಿದಿತ್ತು. ಐದೂ ಬೆರಳು ಸರಿಯಾಗಿ ಮಡಚಿಕೊಂಡಿದ್ದವು.

ಆ ಕೈಯನ್ನು ನೋಡಿದ್ದೇ ಜನರನ್ನು ನೂಕಿಕೊಂಡು ವೇದಿಕೆ ಹತ್ತಿದೆ. ಒಬ್ಬ ಅಧಿಕಾರಿ, "ಪ್ರಶ್ನೆ ಕೊನೇಲಿ ಕೇಳಿಯಮ್ಮ" ಅಂದ. ಅವನ ಮುಂದಿದ್ದ ಮೇಜನ್ನು ಒದ್ದೆ. ಹೂವಿನ ಕುಂಡ, ನೀರಿನ ಬಾಟಲಿ ಎಲ್ಲ ಉರುಳಿದವು. ಮೇಡಂನ ರಟ್ಟೆ ಹಿಡಿದು ಪರದೆಯ ಕಡೆ ತಿರುಗಿಸಿದೆ.

"ಆ ಕೈ ನೋಡಿ. ಅದು ಈಗಿಲ್ಲ. ನೀವು ಮೆತ್ತಿದ ಮಣ್ಣು ತಗಿಯಾಕ್ಹೋಗಿ ಪುಡಿಯಾಯ್ತು. ಬನ್ನಿ, ಬಂದು ತಗೀರಿ."

ಇಬ್ಬರು ನನ್ನನ್ನು ಎಳೆಯಲು ಬಂದರು. ಒಬ್ಬನ ಕೈ ಕಚ್ಚಿದೆ. ಆಗ ಮೇಡಂ ಮೈಕಿನಲ್ಲೇ, "ಅವರನ್ನು ಬಿಡಿ" ಅಂದರು. ಏನಾಯಿತೆಂದು ಕೇಳಿದರು. ಕಲ್ಲು, ಮಣ್ಣು, ಸರದಿ, ಗುದ್ದಲಿ, ಎಲ್ಲ ಹೇಳಿದೆ. ಸಭೆ ಮುಗಿಯಲಿ ಎಂದು ಯಾರೋ ಅನ್ನುವಷ್ಟರಲ್ಲಿ ಆ ಹುಡುಗಿ ವೇದಿಕೆ ಇಳಿದಿದ್ದಳು.

ಜೀಪಿನಲ್ಲಿ ಬರುವಾಗ, "ಒಬ್ಬರಾದರೂ ನನಗೆ ಹೇಳಬಹುದಿತ್ತಲ್ಲ" ಎಂದು ಅತ್ತಳು.

"ನೀವು ಎಲ್ಲ ಯೋಳುದ್ರಿ. ಒಂದಾರ ಕೇಳುದ್ರಾ?" ಅಂದೆ. "ಅಳಬ್ಯಾಡಿ. ಯಾರಾರ ಅತ್ರೆ ನಂಗೆ ಇನ್ನೂ ಸಿಟ್ಟು ಬತ್ತದೆ."

ಊರಿನ ಅರ್ಧ ಜನ ಬದುವಿನ ಮೇಲೆ ಸೇರಿದ್ದರು. ಮೈದುನನೂ ಬಂದಿದ್ದ, ಬಾಯಿ ಊದಿಕೊಂಡಿತ್ತು. ಸಲಕರಣೆ ಮುಟ್ಟುವ ಹಾಗಿಲ್ಲ, ಮೆತ್ತಿದ್ದು ಕೈ, ಕೀಳಬೇಕಾದದ್ದೂ ಕೈ ಎಂದರು ಹಿರಿಯರು. ಮಣ್ಣು ಬಿಸಿಲಿಗೆ ಸುಟ್ಟು ಇಟ್ಟಿಗೆಯಾಗಿತ್ತು, ಮೇಲೆ ನಮ್ಮವರ ರಕ್ತ ಒಣಗಿ ಕಪ್ಪಾಗಿತ್ತು. ಮೇಡಂ ಮಂಡಿಯೂರಿ ಕೆರೆದರು. ಉಗುರು ಮುರಿಯಿತು. ಇನ್ನೊಂದು ಮುರಿಯಿತು. ಬೆರಳ ತುದಿಯಿಂದ ರಕ್ತ ಬಂದರೂ ನಿಲ್ಲಿಸಲಿಲ್ಲ. ನಾನು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಿದ್ದೆ. ಮೊದಮೊದಲು ನನಗೆ ಹಿತವಾಗಿತ್ತು. ಹೋಗ್ತಾ ಹೋಗ್ತಾ ಹಿತವಾಗಲಿಲ್ಲ. ಕೊನೆಯ ಹೆಂಟೆ ಕಿತ್ತುಬಂದಾಗ ನೀರು ನುಗ್ಗಿತು. ಬಿರುಕುಗಳು ನೀರು ಕುಡಿಯುವ ಸದ್ದು ಅಷ್ಟು ಜನರಿಗೂ ಕೇಳಿಸಿತು. ಅತ್ತೆ ಸೆರಗಿನಿಂದ ಒಂದು ಕಲ್ಲು ತೆಗೆದು ಮಡೆಯ ಪಕ್ಕ ಇಟ್ಟರು. ಮನೆಯಿಂದಲೇ ತಂದಿದ್ದರು.

ಅಲ್ಲಿಯೇ ಉಳಿದ ನ್ಯಾಯವೂ ಆಯಿತು. ದೂರುಗಳನ್ನು ಎರಡೂ ಕಡೆಯವರು ರಾಜಿ ಮಾಡಿಕೊಳ್ಳಬೇಕು. ಅಣ್ಣನ ಕೈ ಮುರಿದವನು, ಆ ಕೈ ವಾಸಿಯಾಗುವವರೆಗೂ ಆ ಕೈಯಾಗಿ ದುಡಿಯಬೇಕು. ನಮ್ಮ ಸರದಿ ಬಂದಾಗಲೆಲ್ಲ ಅವನೇ ಬಂದು ಮಡೆ ತೆಗೆದು, ನೀರು ಕಟ್ಟಿ, ಕಲ್ಲಿಟ್ಟು ಹೋಗಬೇಕು. ಹಲ್ಲು ಮುರಿದವಳು ಅವನ ಬಾಯಿ ವಾಸಿಯಾಗುವವರೆಗೂ ಮೆತ್ತಗಿನ ಊಟ ಕಳಿಸಬೇಕು.

"ಮುದ್ದೆ ನುಂಗಾಕೆ ಹಲ್ಲ್ಯಾಕೆ?" ಅಂದೆ ನಾನು. ಎಲ್ಲರೂ ನಕ್ಕರು. ಮೈದುನ ನಗಲು ಹೋಗಿ ನೋವಿಗೆ ಬಾಯಿ ಹಿಡಿದುಕೊಂಡ.

ಇಲಾಖೆಯ ಪ್ರಗತಿ ನಿಜವಾಗಿ ಶುರುವಾದದ್ದು ಆಮೇಲೆಯೇ. ಸುಳ್ಳು ಹೇಳಲಾರೆ, ನಮ್ಮ ತೆನೆ ತುಂಬಿತು. ಒಂದಿಷ್ಟು ಜೊಳ್ಳು ಹೋದರೂ ವರ್ಷದ ಅನ್ನಕ್ಕೆ ಮೋಸವಾಗಲಿಲ್ಲ. ಮೇಡಂ ಮತ್ತೆ ಮತ್ತೆ ಬಂದರು, ಈ ಸಲ ಕ್ಯಾಮೆರಾದವನಿಲ್ಲದೆ. ಹಿರಿಯರ ಜೊತೆ ಕುಳಿತು, ಪೈಪಿನಲ್ಲಿ ನೀರಿದೆಯೆಂದು ಮಡೆ ಮುಚ್ಚಿದವನ ಸರದಿ ಹೋಗುವುದಿಲ್ಲ ಎಂದು ಒಪ್ಪಿಸಿದರು. ಮಣ್ಣು ಮೆತ್ತಿದರೂ ಅದರ ಮೇಲೊಂದು ಕಲ್ಲಿಟ್ಟರೆ ಸಾಕು. ಈಗ ನಮ್ಮ ಕಾಲುವೆಯ ಬಹಳಷ್ಟು ಗದ್ದೆಗಳಲ್ಲಿ ಪೈಪು ನಿಂತಿದೆ, ಭೇರ್ಯ ಊರಿನ ಕಡೆಯವರೂ ಬಂದು ನೋಡಿಕೊಂಡು ಹೋಗಿದ್ದಾರೆ. ಕಾಲುವೆಯ ಕೊನೆಯವನ ಗದ್ದೆಗೂ ನೀರು ಮುಟ್ಟುತ್ತಿದೆ. ಭೂಮಿ ಎಷ್ಟು ತಂಪಾಯಿತೋ ನನಗೆ ತಿಳಿಯದು. ಊಸು ಬಿಡುವುದಂತೂ ಕಡಿಮೆಯಾಗಿರಬೇಕು.

ಮೈದುನ ಪ್ರತಿ ಸರದಿಗೂ ಬರುತ್ತಾನೆ. ಮಾತಿಲ್ಲ ಕತೆಯಿಲ್ಲ. ಮಡೆ ತೆಗೆಯುತ್ತಾನೆ, ಕೆಸರಲ್ಲಿ ಓಡಾಡಿ ನೀರು ಸರಿ ಮಾಡುತ್ತಾನೆ, ಕಲ್ಲಿಡುತ್ತಾನೆ. ಯಜಮಾನರು ಬಲಗೈಗೆ ಟವೆಲು ಸುತ್ತಿಕೊಂಡು ಬದುವಿನ ಮೇಲೆ ಕುಳಿತು ನೋಡುತ್ತಾರೆ. ನಾನು ಸ್ಟೇಷನ್ನಿನಿಂದ ವಾಪಸು ಬಂದ ಅದೇ ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಗದ್ದೆಗೆ ಬೇರೆ ಪೈಪು ಹಾಕಿದ್ದಾರೆ. ಇದು ನನ್ನದು. ಅವನ ಕಣ್ಣು ಆಗಾಗ ಅದರ ಕಡೆ ಹೋಗುತ್ತದೆ, ಹೋಗಲಿ ಎಂದೇ ನಾನು ತರುವುದು.

ಈ ಮಳೆಗಾಲ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಶಬ್ದ ಕೇಳಿ ಹೋಗಿ ನೋಡಿದೆ. ಯಜಮಾನರು ಸೌದೆ ಒಡೆಯುತ್ತಿದ್ದರು. ಬಲಗೈಯಲ್ಲಿ ಕೊಡಲಿ. ಬೆರಳು ಐದೂ ಕಾವನ್ನು ಬಿಗಿಯಾಗಿ ಹಿಡಿದಿದ್ದವು. ನನ್ನನ್ನು ನೋಡಿ ಕೊಡಲಿ ಕೆಳಗೆ ಹಾಕಿದರು, ಕಳ್ಳ ಸಿಕ್ಕಿಬಿದ್ದ ಹಾಗೆ.

"ಯಾವತ್ತಿಂದ?" ಎಂದೆ.

ನನಗೆ ಎಲ್ಲಿಲ್ಲದ ಕೋಪ ಬಂತು. ಕೈ ವಾಸಿಯಾಗಲೆಂದು ನಾನು ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದಿತ್ತು. ತುತ್ತು ಮಾಡಿ ಬಾಯಿಗಿಟ್ಟಿದ್ದೆ. ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಯೋಳ್ಬುಟ್ರೆ ಅವ್ನು ಬರಾಕಿಲ್ವಲ್ಲ ಕಣೆ" ಅಂದರು.

ಆ ಕೈಯ ಮೇಲೆ ಗುದ್ದಲಿ ಎರಡು ಸಲ ಬಿದ್ದದ್ದನ್ನು ಕಣ್ಣಾರೆ ಕಂಡವಳು ನಾನು. ಈ ಮನುಷ್ಯನಿಗೆ ಬುದ್ಧಿ ಇದೆಯೇ ಅನ್ನಿಸಿತು. ಹಿರಿಯರಿಗೆ ಹೇಳಿಬಿಡುತ್ತೇನೆ ಎಂದೆ. ಹೇಳಲಿಲ್ಲ.

ಮೊನ್ನೆ ನಮ್ಮ ಸರದಿ. ಮೈದುನ ಕಲ್ಲೆತ್ತಲು ಗುದ್ದಲಿಯನ್ನು ಬದುವಿಗೆ ಒರಗಿಸಿ, ಕೆಳಗೆ ಬಗ್ಗಿದ. ಬದುವಿನ ಮಣ್ಣು ಕುಸಿದು ಗುದ್ದಲಿ ಜಾರಿತು. ಅದರ ಅಲಗು ನೇರವಾಗಿ ಅವನ ಕತ್ತಿನ ಮೇಲೆ ಬರುತ್ತಿತ್ತು. ಟವೆಲು ಹಾರಿಹೋಯಿತು. ಯಜಮಾನರ ಬಲಗೈ ಮುಂದೆ ಬಂದು ಕಾವನ್ನು ಗಾಳಿಯಲ್ಲೇ ಹಿಡಿಯಿತು. ಮೈದುನ ತಲೆಯೆತ್ತಿ ನೋಡಿದ. ತಾನೇ ಮುರಿದ ಬೆರಳುಗಳು ತನ್ನ ಮುಖದ ಮುಂದೆ ಗಟ್ಟಿಯಾಗಿ ಗುದ್ದಲಿ ಹಿಡಿದುಕೊಂಡಿದ್ದವು. ನನ್ನ ಕೈ ಪೈಪನ್ನು ಹಿಡಿದುಕೊಂಡಿತು, ಯಾಕೆಂದು ನನಗೇ ಗೊತ್ತಿಲ್ಲ.

ಮೈದುನ ಕೆಳಗೆ ಬಿದ್ದಿದ್ದ ಟವೆಲನ್ನು ಎತ್ತಿಕೊಂಡ. ಕೆಸರು ಕೊಡವಿದ. ಅಣ್ಣನ ಕೈಯಿಂದ ಗುದ್ದಲಿಯನ್ನು ಬಿಡಿಸಿ ಪಕ್ಕಕ್ಕಿಟ್ಟು, ಆ ಕೈಗೆ ಟವೆಲನ್ನು ಮೊದಲಿನ ಹಾಗೆಯೇ ಸುತ್ತಿ ಗಂಟು ಹಾಕಿದ. ಆಮೇಲೆ ನೀರು ಕಟ್ಟಿದ. ಗದ್ದೆ ತುಂಬುವವರೆಗೂ ನಿಂತಿದ್ದು, ಮಡೆಗೆ ಕಲ್ಲಿಟ್ಟು, ಸಂದಿಗೆ ಹುಲ್ಲು ತುರುಕಿದ. ಹೋಗುವಾಗ ಎಷ್ಟೋ ಕಾಲದ ಮೇಲೆ ಬಾಯಿ ಬಿಟ್ಟ. ಹಲ್ಲಿಲ್ಲದ ಸಂದಿಯಲ್ಲಿ ಮಾತು ಸೀಳಿಕೊಂಡು ಬಂತು.

"ಮುಂದಿನ ಸರದೀಗೆ ಬತ್ತೀನಿ ಅಣ್ಣ."